ಮೂಲೆ ಸೇರಿದ ಕ್ಲಿಪ್ಶ್‌ಹಾರ್ನ್: ಕೇಳುವ ಬಗೆ

ಕ್ಲಿಪ್ಶ್‌ಹಾರ್ನ್ ಎದೆಯೆತ್ತರದ ಮರದ ಸ್ಪೀಕರ್. ಕೋಣೆಯ ಮೂಲೆಯಲ್ಲಿ ಸರಿಯಾಗಿ ಕೂರಲೆಂದು ಇದರ ಬೆನ್ನನ್ನು ಮೂಲೆಯ ಆಕಾರಕ್ಕೇ ಕಟ್ಟಿದ್ದಾರೆ. ಅಮೆರಿಕದ ಆರ್ಕನ್ಸಾ ರಾಜ್ಯದ ಹೋಪ್ ಎಂಬ ಸಣ್ಣ ಊರಲ್ಲಿ ಎಂಜಿನಿಯರ್ ಪಾಲ್ ಕ್ಲಿಪ್ಶ್ 1946ರಲ್ಲಿ ಇದರ ತಯಾರಿಕೆ ಶುರುಮಾಡಿದರು. ಹಳೆಯದೊಂದು ಎಲ್ಲಾದರೂ ಕೇಳಲು ಸಿಕ್ಕರೆ, ಹಾಡು ಹಾಕಿಸುವ ಮೊದಲು ಅದು ನಿಂತ ಮೂಲೆಯನ್ನು ನೋಡಿ.

ಮೂಲೆಯೇ ಯಾಕೆ?
ಬಾಯಿಯ ಸುತ್ತ ಅಂಗೈ ಹಿಡಿದು ಕೂಗಿದರೆ ದನಿ ದೂರ ಹೋಗುತ್ತದಲ್ಲ, ಈ ಸ್ಪೀಕರಿನೊಳಗಿನ ಹಾರ್ನಿನ ಕೆಲಸವೂ ಅದೇ. ಆದರೆ ತಗ್ಗು ಸ್ವರಕ್ಕೆ ಬಹಳ ದೊಡ್ಡ ಬಾಯಿ ಬೇಕು. 40 ಹರ್ಟ್ಸ್ ನಾದದ ಒಂದು ಅಲೆಯೇ ಸುಮಾರು 8.5 ಮೀಟರ್ ಉದ್ದ. ಅದಕ್ಕೊಪ್ಪುವ ನೇರ ಹಾರ್ನ್ ಇಟ್ಟರೆ ಮನೆಯವರು ಹೊರಗೆ ಮಲಗಬೇಕಾದೀತು. ಕ್ಲಿಪ್ಶ್ ಹಾರ್ನನ್ನು ಪೆಟ್ಟಿಗೆಯೊಳಗೇ ಮಡಚಿದರು. ತಗ್ಗು ಸ್ವರ ನುಡಿಸುವ 15 ಇಂಚಿನ ವೂಫರ್ ಒಳಗೆಲ್ಲೋ ಅಡಗಿದೆ, ಮುಂದೆ ನಿಂತವರಿಗೆ ಕಾಣದು. ಅದರ ದನಿ ಒಳದಾರಿಗಳಲ್ಲಿ ತಿರುಗಿ, ಪೆಟ್ಟಿಗೆಯ ಎರಡೂ ಪಕ್ಕದಿಂದ ಹೊರಬಿದ್ದು, ಗೋಡೆಗಳ ಗುಂಟ ಹರಡುತ್ತದೆ. ಎರಡು ಗೋಡೆ, ಒಂದು ನೆಲ ಸೇರಿ ಹಾರ್ನಿನ ಕೊನೆಯ ಭಾಗವಾಗುತ್ತವೆ.

ಹಾಗಾಗಿ ಪೆಟ್ಟಿಗೆ ಗೋಡೆಗೆ ಒತ್ತಿ ಕೂತಿದೆಯೇ ಎಂದು ಕೈಯಾಡಿಸಿ ನೋಡಿ. ಸಂದಿಯಿದ್ದರೆ, ಪಕ್ಕದಲ್ಲೇ ಬಾಗಿಲಿದ್ದರೆ ತಗ್ಗು ಸ್ವರ ಸೊರಗುತ್ತದೆ. ಆ ತಪ್ಪನ್ನು ಸ್ಪೀಕರಿನ ತಲೆಗೆ ಕಟ್ಟಬೇಡಿ.

ಏನು ಕೇಳಬೇಕು?
ಮೊದಲು ಸದ್ದು ಕಡಿಮೆ ಇಡಿಸಿ. ಒಂದು ವ್ಯಾಟ್ ಕೊಟ್ಟರೆ ಇದು ಒಂದು ಮೀಟರ್ ದೂರದಲ್ಲಿ ಸುಮಾರು 104 ಡೆಸಿಬಲ್ ನುಡಿಯುತ್ತದೆ ಎಂಬುದು ಕಂಪನಿಯ ಲೆಕ್ಕ. 87 ಡೆಸಿಬಲ್ಲಿನ ಸ್ಪೀಕರಿಗೆ ಅಷ್ಟೇ ಸದ್ದು ಹೊರಡಿಸಲು 50 ವ್ಯಾಟ್ ಬೇಕು. ಹಳೆಯ ವಾಲ್ವ್ ಆಂಪ್ಲಿಫೈಯರಿನ ಕೆಲವೇ ವ್ಯಾಟ್ ಇದಕ್ಕೆ ಧಾರಾಳವಾಯಿತು. ವೂಫರಿನ ಕೋನ್ ಹೆಚ್ಚು ಅಲುಗಬೇಕಿಲ್ಲ, ಆದ್ದರಿಂದ ನಾದವೂ ಕೆಡುವುದು ಕಡಿಮೆ. ಮೃದಂಗದ ತನಿ ಆವರ್ತನವೊಂದನ್ನು ಹಾಕಿಸಿ: ಮೆಲ್ಲಗೆ ನುಡಿಸಿದ ಪೆಟ್ಟಿಗೂ ಜೋರು ಪೆಟ್ಟಿಗೂ ನಡುವಿನ ಅಂತರ ಎಷ್ಟು ಸಲೀಸಾಗಿ ಬರುತ್ತದೆ ಗಮನಿಸಿ.

ಆಮೇಲೆ ಹಾಡುಗಾರಿಕೆ. ದನಿಯ ಬಹುಪಾಲನ್ನು ಹೊರುವುದು ಮೇಲಿನ ಭಾಗದ ಮಧ್ಯಮ ಹಾರ್ನ್. ಕಲಾವಿದರು ಎದುರಿಗೇ ಬಂದಂತೆ ಅನ್ನಿಸುವುದು ಅದರ ಗುಣ. ಕೆಲವು ಸ್ವರಗಳಿಗೆ ತುಸು ಮೂಗುದನಿ ಹತ್ತುವುದು ಅದರ ದೋಷ. ಎರಡನ್ನೂ ಒಟ್ಟಿಗೇ ಒಪ್ಪಿಕೊಂಡವರು ಇದರ ಅಭಿಮಾನಿಗಳು.

ಎಲ್ಲಿ ಕೂರಬೇಕು?
ಒಂದೇ ಗೋಡೆಯ ಎರಡು ಮೂಲೆಗಳಲ್ಲಿ ಜೋಡಿಯಾಗಿ ಇಟ್ಟಾಗ ಎರಡೂ ಸ್ಪೀಕರ್ 45 ಡಿಗ್ರಿ ಒಳಮುಖವಾಗಿ ನೋಡುತ್ತವೆ. ಅವುಗಳ ನೋಟ ಕೂಡುವ ಜಾಗದ ಆಸುಪಾಸಿನಲ್ಲಿ ಕುರ್ಚಿ ಹಾಕಿ. ಗೋಡೆ ಬಹಳ ಅಗಲವಿದ್ದರೆ ನಡುವೆ ನಾದ ಬರಿದಾಗುತ್ತದೆ. ಅದನ್ನು ತುಂಬಲೆಂದೇ ಕ್ಲಿಪ್ಶ್ 1957ರಲ್ಲಿ ಹೆರೆಸಿ ಎಂಬ ಚಿಕ್ಕ ಸ್ಪೀಕರ್ ತಂದರು.

ಕೇಳಿ ಮನಸೋತು ಕೊಳ್ಳಲು ಹೊರಟಿರಾ? ಬೆಲೆ ವಿಚಾರಿಸುವ ಮುಂಚೆ ಮನೆಗೆ ಬಂದು ಮೂಲೆ ಅಳೆಯಿರಿ. ಬಾಗಿಲು, ಬೀರು ಅಡ್ಡ ಬಾರದ ಎರಡು ಮೂಲೆ ಒಂದೇ ಗೋಡೆಗೆ ಸಿಗದಿದ್ದರೆ ಬೇರೆ ಸ್ಪೀಕರ್ ನೋಡಿಕೊಳ್ಳುವುದೇ ಜಾಣತನ.