ಪಾಟೀಸವಾಲು ಮತ್ತು ನಮ್ಮ ಪದ್ಯ

ಭದ್ರಾವತಿಯ ಒಂದು ಕವಿಗೋಷ್ಠಿಯಲ್ಲಿ ನಾವು ಅತ್ಯಾಚಾರದ ಮೇಲೆ ಪದ್ಯ ಓದಿದೆವು. ಪದ್ಯದ ಕೊನೆಗೆ ಹಗ್ಗವಿತ್ತು, ಗಲ್ಲುಗಂಬವಿತ್ತು. ಚಪ್ಪಾಳೆ ಜೋರಾಗಿಯೇ ಬಿತ್ತು. ಗೋಷ್ಠಿ ಮುಗಿಸಿ ಕೇರಿಗೆ ಬಂದರೆ ನಮ್ಮ ಜಗಲಿಯ ಮೇಲೆ ವರಸೆಯಲ್ಲಿ ದೊಡ್ಡಮ್ಮನಾಗಬೇಕಾದವಳು ಕೂತಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಒಂದು ಕಟ್ಟು ಕಾಗದ. "ನೀನು ಬಿ.ಎ. ಮಾಡೀಯಲ್ಲಪ್ಪ, ಇದ್ರಾಗೆ ಏನ್ ಬರ್ದಾರೆ ಓದಿ ಹೇಳು" ಅಂದಳು. ಮಗ ಶಿವಮೊಗ್ಗದ ಸೋಗಾನೆ ಜೈಲಿನಲ್ಲಿದ್ದ. ಕಾಗದ ಅವನ ಮೇಲಿನ ಚಾರ್ಜ್‌ಶೀಟು.

ನಮ್ಮ ಮನೆಯಲ್ಲಿ ಡಿಗ್ರಿ ಕಂಡವರಲ್ಲಿ ನಾವೇ ಮೊದಲು. ಪಂಪನನ್ನು ಓದಿದ್ದೇವೆ, ರಸಸಿದ್ಧಾಂತ ಬರೆದು ಪಾಸಾಗಿದ್ದೇವೆ. ಚಾರ್ಜ್‌ಶೀಟು ಓದಲು ಬರಲಿಲ್ಲ. ಈ ನಾಚಿಕೆಯಿಂದಲೇ ಈ ಬರಹ ಹುಟ್ಟಿದೆ. ಚಾರ್ಜ್‌ಶೀಟು, ಪಾಟೀಸವಾಲು, ತೀರ್ಪು ಇವೂ ಕೃತಿಗಳೇ. ನಮ್ಮ ಜನರ ಮೇಲೆ ಯಾವ ಮಹಾಕಾವ್ಯಕ್ಕಿಂತಲೂ ಹೆಚ್ಚು ಅಧಿಕಾರ ನಡೆಸುವ ಕೃತಿಗಳು. ನಮ್ಮ ವಿಮರ್ಶಕರು ಮಾತ್ರ ಇವನ್ನು ಮುಟ್ಟಿದ್ದು ಕಡಿಮೆ.

ಮೊದಲು ಒಂದು ಶಬ್ದ ತೆಗೆದುಕೊಳ್ಳೋಣ. ಮಾನ. 1860ರ ದಂಡಸಂಹಿತೆ ಹೆಂಗಸಿನ ಮೈಮೇಲೆ ಕೈಹಾಕಿದರೆ ಮಾನಕ್ಕೆ ಕುಂದು ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 74ನೇ ಕಲಮಿನಲ್ಲೂ ಅದೇ ಭಾವ ಕೂತಿದೆ. ಹೆಂಗಸಿಗೆ ನೋವಾಯಿತೇ ಎಂದಲ್ಲ, ಮಾನ ಹೋಯಿತೇ ಎಂದು ಕಾನೂನು ಕೇಳುತ್ತದೆ. ಊರೂ ಅದನ್ನೇ ಕೇಳುತ್ತದೆ: "ಹುಡುಗಿ ಕೆಟ್ಟೋದ್ಲಂತೆ." ಕೆಡಿಸಿದವನು ಕೆಡುವುದಿಲ್ಲ, ಅವಳು ಕೆಡುತ್ತಾಳೆ. ಕನ್ನಡದ ಈ ಕ್ರಿಯಾಪದವೇ ಆರೋಪಿಯ ಪರ ವಕಾಲತ್ತು ಹಾಕಿಬಿಟ್ಟಿದೆ.

ಈ ಮಾನದ ಬೂಟಾಟಿಕೆಯನ್ನು ನಮ್ಮ ಜಿಲ್ಲೆ ಕಣ್ಣಾರೆ ಕಂಡಿದೆ. 1986ರ ಮಾರ್ಚ್‌ನಲ್ಲಿ ಸೊರಬ ತಾಲೂಕಿನ ಚಂದ್ರಗುತ್ತಿಯ ಬೆತ್ತಲೆ ಸೇವೆ ತಡೆಯಲು ದಲಿತ ಸಂಘರ್ಷ ಸಮಿತಿಯವರು ಹೋದರು. ಸಮಿತಿ ಕಟ್ಟಿದ ಬಿ. ಕೃಷ್ಣಪ್ಪನವರು ಇದೇ ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಮೇಷ್ಟ್ರು. ಅಲ್ಲಿ ಗುಂಪು ಕಾರ್ಯಕರ್ತರನ್ನು ಹೊಡೆಯಿತು. ಪೊಲೀಸರನ್ನೂ ಬಿಡದೆ ಬಟ್ಟೆ ಕಿತ್ತು ಮೆರವಣಿಗೆ ಮಾಡಿತು. ಬೆತ್ತಲೆಯೇ ಭಕ್ತಿ ಎಂದವರು ಅದೇ ಬೆತ್ತಲೆಯನ್ನು ಶಿಕ್ಷೆಯಾಗಿ ಕೊಟ್ಟರು. ಹಾಗಾದರೆ ಅದು ಮೊದಲಿನಿಂದಲೂ ಏನಾಗಿತ್ತು? ಆಗ ಕಾನೂನಿನಲ್ಲಿ ಹೆಂಗಸಿನ ಮಾನಕ್ಕೆ ಕೈಹಾಕಿದವನಿಗೆ ಹೆಚ್ಚೆಂದರೆ 2 ವರ್ಷ, ಇಲ್ಲವೇ ಬರೀ ದಂಡ. ಹೆಂಗಸಿನ ಬಟ್ಟೆ ಕೀಳುವುದೇ ಪ್ರತ್ಯೇಕ ಅಪರಾಧ, ಕನಿಷ್ಠ 3 ವರ್ಷ ಸಜೆ ಎಂದು ಬರೆಯಲು 2013ರವರೆಗೆ ಕಾಯಬೇಕಾಯಿತು.

ಇನ್ನು ತೀರ್ಪುಗಳು. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯೊಳಗೆ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಇಬ್ಬರು ಪೊಲೀಸರು ಎರಗಿದರೆಂಬ ಕೇಸು. ಸೆಷನ್ಸ್ ಕೋರ್ಟು ಅವಳಿಗೆ ಮೊದಲೇ ಸಂಬಂಧದ ರೂಢಿಯಿತ್ತು ಎಂದು ಪೊಲೀಸರನ್ನು ಬಿಟ್ಟಿತು. ಹೈಕೋರ್ಟು ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟು, ಮೈಮೇಲೆ ಗಾಯವಿಲ್ಲ, ಕೂಗಿಕೊಂಡ ಗುರುತಿಲ್ಲ ಎಂದು ಮತ್ತೆ ಬಿಟ್ಟಿತು. ಠಾಣೆಯ ಬಾಗಿಲು ಹಾಕಿದ ಮೇಲೆ ಕೂಲಿ ಮಾಡುವ ಹುಡುಗಿ ಯಾರನ್ನು ಕೂಗಬೇಕು? ಪೊಲೀಸರನ್ನೇ? 1979ರಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಾಗಂವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಮೇಷ್ಟ್ರುಗಳು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಒಂದು ತೀರ್ಪನ್ನು ಸಾಲುಸಾಲಾಗಿ ಓದಿ ಅದರ ಸುಳ್ಳನ್ನು ಹಿಡಿಯುವುದು ವಿಮರ್ಶೆಯ ಕೆಲಸವೇ. ಆ ಪತ್ರದಿಂದ ಎದ್ದ ಕೂಗಿನಿಂದ 1983ರಲ್ಲಿ ಕಾನೂನು ಬದಲಾಯಿತು. ಠಾಣೆಯಲ್ಲೋ ಜೈಲಿನಲ್ಲೋ ಇಂಥದ್ದು ನಡೆದು, ನಾನು ಒಪ್ಪಿರಲಿಲ್ಲ ಎಂದು ಅವಳು ಕೋರ್ಟಿನಲ್ಲಿ ಹೇಳಿದರೆ ಒಪ್ಪಿರಲಿಲ್ಲ ಎಂದೇ ಹಿಡಿಯಬೇಕು ಎಂಬ ನಿಯಮ ಬಂತು.

ರಾಜಸ್ಥಾನದ ಭಂವರಿ ದೇವಿಯವರ ಕೇಸು ಇನ್ನೊಂದು ಪಾಠ. ಬಾಲ್ಯವಿವಾಹ ತಡೆಯಲು ಹೋದ ಕುಂಬಾರ ಜಾತಿಯ ಆ ಹೆಂಗಸಿನ ಮೇಲೆ 1992ರಲ್ಲಿ ಮೇಲುಜಾತಿಯವರು ಎರಗಿದರು ಎಂಬ ದೂರು. 1995ರಲ್ಲಿ ಜೈಪುರದ ಕೋರ್ಟು ಅತ್ಯಾಚಾರದ ಆರೋಪದಿಂದ ಅವರನ್ನು ಬಿಡುಗಡೆ ಮಾಡಿತು. ಕೊಟ್ಟ ಕಾರಣಗಳಲ್ಲಿ ಒಂದು, ಮೇಲುಜಾತಿಯವನು ಕೀಳುಜಾತಿಯವಳನ್ನು ಮುಟ್ಟಿ ಮೈಲಿಗೆಯಾಗಲಾರ ಎಂಬುದು. ಗೆಳೆಯರೇ, ಅಸ್ಪೃಶ್ಯತೆ ಆರೋಪಿಯ ಪರ ಸಾಕ್ಷಿ ಹೇಳಿದ್ದನ್ನು ಇಲ್ಲಿ ನೋಡಿ. ಬಾವಿಯ ಹತ್ತಿರ ಮೈಲಿಗೆ, ಹೊಲದ ಬದುವಿನಲ್ಲಿ ಇಲ್ಲ, ಕೋರ್ಟಿನಲ್ಲಿ ಮತ್ತೆ ಮೈಲಿಗೆ!

ಇಷ್ಟೆಲ್ಲ ತಿಳಿದ ಮೇಲೆ ನಮ್ಮ ಪದ್ಯದ ಗಲ್ಲುಗಂಬ ಸರಿಯಾಗಿಯೇ ಇದೆ ಅನ್ನಿಸಬಹುದು. ಆದರೆ ದೊಡ್ಡಮ್ಮನ ಕವರಿನಲ್ಲಿದ್ದ ಕಾಗದ ಬೇರೆ ಕತೆ ಹೇಳಿತು. ಹುಡುಗ ಗಾರೆ ಕೆಲಸದವನು. 2015ರಲ್ಲಿ ಎಂ.ಪಿ.ಎಂ.ನಲ್ಲಿ ಕಾಗದ ತಯಾರಿ ನಿಂತ ಮೇಲೆ ಅಪ್ಪನ ಗುತ್ತಿಗೆ ಕೆಲಸ ಹೋಗಿ, ಮಗ ಶಾಲೆ ಬಿಟ್ಟು ಕರಣೆ ಹಿಡಿದ ಮನೆ ಅದು. ಹುಡುಗಿ ನಮ್ಮ ಜಾತಿಯವಳಲ್ಲ. ಇಬ್ಬರೂ ಎಂಟು ದಿನ ಊರು ಬಿಟ್ಟಿದ್ದರು. ಹುಡುಗಿಯ ಅಪ್ಪ ದೂರು ಕೊಟ್ಟ. ಅಪಹರಣ, ಮೇಲೆ ಪೋಕ್ಸೊ. 2012ರ ಈ ಕಾಯ್ದೆಯಲ್ಲಿ 18 ತುಂಬದವಳ ಒಪ್ಪಿಗೆ ಒಪ್ಪಿಗೆಯೇ ಅಲ್ಲ. 2019ರ ತಿದ್ದುಪಡಿಯಾದ ಮೇಲೆ ಈ ಅಪರಾಧಕ್ಕೆ ಕನಿಷ್ಠ 10 ವರ್ಷ, ಹುಡುಗಿ 16ರ ಒಳಗಿದ್ದರೆ ಕನಿಷ್ಠ 20 ವರ್ಷ. ಕೇರಿಯ ಯಾವ ಹುಡುಗನಿಗೂ ಇದನ್ನು ಯಾರೂ ಹೇಳಿರಲಿಲ್ಲ. 2022ರ ನವೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ ಈ ವಯಸ್ಸಿನ ಮಿತಿಯನ್ನು ಮತ್ತೆ ಯೋಚಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತು. 2023ರಲ್ಲಿ ಆಯೋಗ ಮಿತಿ ಇಳಿಸಬಾರದು ಎಂದಿತು. ಇಳಿಸಿದರೆ ಮಕ್ಕಳನ್ನು ಮಾರುವವರಿಗೆ, ಎಳೆಯರಿಗೆ ತಾಳಿ ಕಟ್ಟುವವರಿಗೆ ದಾರಿಯಾಗುತ್ತದೆಂಬ ಭಯ ಸುಳ್ಳಲ್ಲ. ಇಳಿಸದಿದ್ದರೆ ಜಾತಿ ಮೀರಿದ ಮಕ್ಕಳನ್ನು ಅಪ್ಪಂದಿರು ಜೈಲಿಗೆ ಕಳಿಸುವುದೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ಹಿಡಿಯುವ ಪದ್ಯ ನಮ್ಮಲ್ಲಿ ಇಲ್ಲ.

ಹುಡುಗನ ಸೋದರಮಾವ ಒಂದು ಸಂಜೆ ನಮ್ಮನ್ನು ಟೀ ಅಂಗಡಿಗೆ ಕರೆದ. "ನೀನು ಓದಿದೋನು, ನಿನ್ ಮಾತು ನಂಬ್ತಾರೆ. ಆ ಹುಡುಗಿ ಇನ್ನೂ ಇಬ್ರ ಜೊತೆ ತಿರುಗ್ತಿದ್ಲು ಅಂತ ಸಾಕ್ಷಿ ಹೇಳ್ಬಿಡು, ನಮ್ ಹುಡುಗ ಉಳೀತಾನೆ" ಅಂದ. ನಮ್ಮವನೇ. ನಮ್ಮ ರಕ್ತವೇ. ಜೈಲಿನಲ್ಲಿರುವುದೂ ನಮ್ಮ ರಕ್ತವೇ. ಒಂದು ಗಳಿಗೆ ಮನಸ್ಸು ತೂಗಿತು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಆಗಲ್ಲ ಮಾವ ಅಂದೆವು. ಅಂದಿನಿಂದ ಆ ಮನೆಯವರು ನಮ್ಮೊಡನೆ ಮಾತು ಬಿಟ್ಟಿದ್ದಾರೆ.

ನಾವು ಹೇಳಬೇಕಾದ್ದು ಇಲ್ಲಿದೆ. ಆರೋಪಿಯನ್ನು ಕಾಪಾಡುವುದಕ್ಕೆ ಎರಡು ಭಾಷೆಗಳಿವೆ. ಒಂದು, "ಸಾಬೀತು ಮಾಡಿ" ಎನ್ನುವುದು. ಇನ್ನೊಂದು, "ಅವಳು ಎಂಥವಳು" ಎನ್ನುವುದು. ಮೊದಲನೆಯದು ಸಂವಿಧಾನದ್ದು, ಎರಡನೆಯದು ಮನುವಿನದ್ದು. ನಮ್ಮ ಸಿಟ್ಟು ಈ ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿ ನೇತುಹಾಕುತ್ತದೆ. ಅದು ತಪ್ಪು. ಠಾಣೆ ಯಾರ ಕಡೆ ಮೊದಲು ಕೈ ತೋರಿಸುತ್ತದೆ ಎಂದು ಕೇರಿಗೆ ಗೊತ್ತಿದೆ. ದೋಷಾರೋಪವೇ ತೀರ್ಪಾಗಿಬಿಟ್ಟರೆ ಹಗ್ಗ ಮೊದಲು ನಮ್ಮ ಕೊರಳಿಗೇ ಬರುತ್ತದೆ. 2013ರ ಜನವರಿಯಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ವರ್ಮಾ ಸಮಿತಿಯೂ ಅತ್ಯಾಚಾರಕ್ಕೆ ಗಲ್ಲು ಬೇಡವೆಂದೇ ಹೇಳಿತ್ತು. ಬಾಬಾಸಾಹೇಬರು ವಕೀಲರಾಗಿದ್ದವರು. ಲೈಂಗಿಕ ಶಿಕ್ಷಣದ ಪತ್ರಿಕೆ ನಡೆಸಿ ಅಶ್ಲೀಲತೆಯ ಆರೋಪ ಹೊತ್ತ ಆರ್.ಡಿ. ಕರ್ವೆಯವರ ಪರವಾಗಿ 1934ರಲ್ಲಿ ಅವರು ವಾದಿಸಿದರು. ಊರೆಲ್ಲ ಮುಖ ತಿರುಗಿಸಿದವನಿಗೂ ಒಬ್ಬ ವಕೀಲ ಬೇಕೆಂದು ಅವರಿಗೆ ಗೊತ್ತಿತ್ತು.

ಆದ್ದರಿಂದ ದೊಡ್ಡಮ್ಮನಿಗೆ ನಾವು ಕಲಿತು ಹೇಳಿದ್ದು ಇಷ್ಟು. ಹಿಡಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ತನ್ನ ಮೇಲೆ ತಾನೇ ಸಾಕ್ಷಿ ಹೇಳು ಎಂದು ಯಾರೂ ಒತ್ತಾಯ ಮಾಡುವ ಹಾಗಿಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಪರಿಶಿಷ್ಟರಿಗೆ, ಹೆಂಗಸರಿಗೆ, ಮಕ್ಕಳಿಗೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಪುಕ್ಕಟೆ ವಕೀಲರನ್ನು ಕೊಡಬೇಕು. ಅಂದರೆ ನಿನ್ನ ಮಗನಿಗೂ ಉಂಟು, ಆ ಹುಡುಗಿಗೂ ಉಂಟು. ಪೋಕ್ಸೊದಲ್ಲಿ ಕೋರ್ಟು ಆರೋಪಿಯೇ ಮಾಡಿದ್ದಾನೆಂದು ಹಿಡಿದು ಹೊರಡುತ್ತದೆ, ನಿಜ. ಆದರೂ ಹುಡುಗಿಗೆ 18 ತುಂಬಿರಲಿಲ್ಲ ಎಂಬುದನ್ನು ಸರ್ಕಾರಿ ವಕೀಲರೇ ಮೊದಲು ತೋರಿಸಬೇಕು. ನಮ್ಮಂಥ ಮನೆಗಳ ಮಕ್ಕಳ ಜನ್ಮದಿನ ಎಷ್ಟೋ ಸಲ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1. ಅದನ್ನು ಪ್ರಶ್ನಿಸಿ, ದಾಖಲೆ ಕೇಳಿ, ಪಂಚರು ನಿಜವಾಗಿ ಸ್ಥಳದಲ್ಲಿದ್ದರೇ ಕೇಳಿ. ಇದು ವಕಾಲತ್ತು.

ಹುಡುಗಿ ಯಾರ ಜೊತೆ ತಿರುಗಿದಳು ಎಂದು ಮಾತ್ರ ಕೇಳಬೇಡಿ. ಕೆಟ್ಟ ನಡತೆಯವಳೆಂದು ಹೇಳಿ ಅವಳ ಸಾಕ್ಷ್ಯ ಮುರಿಯಲು ಬಿಡುತ್ತಿದ್ದ ಹಳೆಯ ಕಲಮನ್ನು 2002ರ ತಿದ್ದುಪಡಿಯಲ್ಲೇ ತೆಗೆದಿದ್ದಾರೆ. ಒಪ್ಪಿಗೆಯ ಪ್ರಶ್ನೆಗೆ ಹಿಂದಿನ ಸಂಬಂಧ ಸಲ್ಲದು ಎಂದು 2013ರಲ್ಲಿ ಬರೆದಿದ್ದಾರೆ. ಎರಡು ಬೆರಳಿನ ಪರೀಕ್ಷೆ ಮಾಡಿದವರೇ ದುರ್ನಡತೆಯ ತಪ್ಪಿತಸ್ಥರು ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕಾನೂನು ಇಷ್ಟು ದೂರ ನಡೆದಿದೆ. ಪಾಟೀಸವಾಲು ಇನ್ನೂ ಹಿಂದೆಯೇ ಕುಂಟುತ್ತಿದೆ. ನಮ್ಮ ಪದ್ಯಗಳೂ ಅದರ ಪಕ್ಕದಲ್ಲೇ ಕುಂಟುತ್ತಿವೆ. "ಮಾನ ಕಳೆದುಕೊಂಡ ತಂಗಿ" ಎಂದು ಬರೆಯುವ ನಾವು ಆ ವಕೀಲನ ಶಬ್ದಕೋಶವನ್ನೇ ಸಾಲ ತಂದಿದ್ದೇವೆ. ಸತ್ತ ಹುಡುಗಿಯರ ಹೆಸರನ್ನು ಶೀರ್ಷಿಕೆ ಮಾಡಿ ಚಪ್ಪಾಳೆ ತೆಗೆದುಕೊಳ್ಳುತ್ತೇವೆ; ನೊಂದವಳ ಹೆಸರು ಅಚ್ಚು ಹಾಕುವುದು 1983ರಿಂದಲೂ ಅಪರಾಧ ಎಂದು ನಮಗೆ ಗೊತ್ತಿಲ್ಲ.

ಇಷ್ಟೆಲ್ಲ ಬರೆದ ಮೇಲೂ ಒಂದು ತಪ್ಪು ಉಳಿದಿದೆ. ಚಾರ್ಜ್‌ಶೀಟಿನಲ್ಲಿ ಆ ಹುಡುಗಿ ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ಹೇಳಿಕೆ ಒಂದೂವರೆ ಪುಟವಿತ್ತು. ನಾವು ಆರೋಪಗಳನ್ನು ಓದಿದೆವು, ಸಾಕ್ಷಿಗಳ ಪಟ್ಟಿ ಓದಿದೆವು, ವೈದ್ಯರ ವರದಿ ಓದಿದೆವು. ಅವಳ ಹೇಳಿಕೆಯನ್ನು ಕೊನೆಗೆ ಓದಿದೆವು, ಅದೂ ಹುಡುಗನಿಗೆ ಉಪಯೋಗವಾದೀತೇ ಎಂದು ಹುಡುಕುತ್ತ. ಇಷ್ಟಪಟ್ಟು ಹೋದೆ ಎಂದು ಅದರಲ್ಲಿತ್ತು. ಮೂರನೇ ದಿನ ಮನೆಗೆ ಹೋಗಬೇಕೆಂದು ಅತ್ತೆ, ಅವನು ಕಳಿಸಲಿಲ್ಲ ಎಂದೂ ಇತ್ತು. ದೊಡ್ಡಮ್ಮನಿಗೆ ಎರಡನ್ನೂ ಓದಿ ಹೇಳಿದೆವು. ಅವಳು ಬಹಳ ಹೊತ್ತು ಸುಮ್ಮನಿದ್ದು, "ಆ ಹೆಣ್ಣುಮಗಿ ಅತ್ತಿದ್ದು ಇವ್ನು ನಂಗೆ ಹೇಳ್ಲೇ ಇಲ್ಲ" ಅಂದಳು. ಕಾಗದ ಮಡಚಿ ಕವರಿಗೆ ಹಾಕಿಕೊಂಡು ಎದ್ದಳು.

ಕೇಸು ಇನ್ನೂ ನಡೆಯುತ್ತಿದೆ. ಕವಿಮಿತ್ರರಲ್ಲಿ ನಮ್ಮ ಬೇಡಿಕೆ ಒಂದೇ. ಮುಂದಿನ ಗೋಷ್ಠಿಗೆ ಮೊದಲು ನಿಮ್ಮ ಊರಿನ ಕೋರ್ಟಿಗೆ ಒಂದು ದಿನ ಹೋಗಿ ಬನ್ನಿ. ಇಂಥ ಕೇಸುಗಳ ವಿಚಾರಣೆ ಬಾಗಿಲು ಹಾಕಿ ನಡೆಯುತ್ತದೆ, ಒಳಗೆ ಬಿಡುವುದಿಲ್ಲ, ಬಿಡಲೂಬಾರದು. ಹೊರಗಿನ ಬೆಂಚಿನ ಮೇಲೆ ಎರಡು ಕಡೆಯ ತಾಯಂದಿರೂ ಕೂತಿರುತ್ತಾರೆ. ಅವರ ಕೈಯಲ್ಲಿ ಕಾಗದವಿರುತ್ತದೆ. ಓದಿ ಹೇಳಿ.