ಜಗಳ ಬಿಡಿಸುವುದೆಂದರೆ

‘ಬಿಡು’ ಎಂಬ ಧಾತುವಿಗೆ ‘ಇಸು’ ಪ್ರತ್ಯಯ ಸೇರಿ ‘ಬಿಡಿಸು’ ಎಂದಾಗುತ್ತದೆ. ಈ ಪುಟ್ಟ ಕ್ರಿಯಾಪದವನ್ನು ನಾವು ಎಷ್ಟು ಬಗೆಯಲ್ಲಿ ಬಳಸುತ್ತೇವೆ, ಗಮನಿಸಿದ್ದೀರಾ? ಅವರೆಕಾಯಿ ಬಿಡಿಸುತ್ತೇವೆ, ಹಲಸಿನ ತೊಳೆ ಬಿಡಿಸುತ್ತೇವೆ, ಕೂದಲ ಸಿಕ್ಕು ಬಿಡಿಸುತ್ತೇವೆ, ಅಡವಿಟ್ಟ ಒಡವೆಯನ್ನು ಬಿಡಿಸಿಕೊಳ್ಳುತ್ತೇವೆ. ನಮಗೆ ಬೇಕಾದುದನ್ನು, ಅದಕ್ಕೆ ಪೆಟ್ಟಾಗದಂತೆ, ಹಿಡಿದಿಟ್ಟಿರುವುದರಿಂದ ಹೊರತರುವುದೇ ಈ ಪ್ರಯೋಗಗಳ ಒಳಗಿನ ಅರ್ಥ.

ಇತ್ತೀಚಿನ ಬರಹಗಳಲ್ಲಿ ಇದರ ಜಾಗಕ್ಕೆ ‘ಬೇರ್ಪಡಿಸು’ ಬಂದು ಕುಳಿತಿರುವುದನ್ನು ಕಾಣುತ್ತೇವೆ. ಅದು ತಪ್ಪು ಪದವಲ್ಲ. ಹಸಿಕಸವನ್ನೂ ಒಣಕಸವನ್ನೂ ಬೇರ್ಪಡಿಸಲೇಬೇಕು. ಆದರೆ ಎರಡೂ ಬೇರೆಯಾದವೆಂದಷ್ಟೇ ಅದು ತಿಳಿಸುತ್ತದೆ. ಅವು ಹೇಗೆ ಕೂಡಿದ್ದವು ಎಂಬುದನ್ನು ತಿಳಿಸದು. ಗಂಟನ್ನು ಬಿಚ್ಚುತ್ತೇವೆ, ಕೊಂಡಿಯನ್ನು ಕಳಚುತ್ತೇವೆ, ಹೊಟ್ಟನ್ನು ತೂರುತ್ತೇವೆ, ಸಿಕ್ಕನ್ನು ಬಿಡಿಸುತ್ತೇವೆ. ಒಂದೊಂದು ಕೂಡಿಕೆಗೂ ಕನ್ನಡವು ಒಂದೊಂದು ಮಾತನ್ನಿತ್ತಿರುವಾಗ ಎಲ್ಲಕ್ಕೂ ಒಂದೇ ಪದ ಸಾಕೆನ್ನುವುದು ಬಡತನವಲ್ಲವೇ?

ಈ ಭೇದವನ್ನು ನನಗೆ ಕಲಿಸಿದ್ದು ಗುರುಮಠವಲ್ಲ, ಒಬ್ಬ ವೃದ್ಧ ತಾಯಿ. ಜಮೀನಿನ ವಿಷಯದಲ್ಲಿ ಆಕೆಯ ಇಬ್ಬರು ಗಂಡುಮಕ್ಕಳ ನಡುವೆ ಮಾತು ನಿಂತು ವರ್ಷಗಳಾಗಿದ್ದವು. ರಾಜಿ ಮಾಡಿಸಲು ಹೋದ ನಾನು ಸೋತು, “ಇವರಿಬ್ಬರನ್ನೂ ಬೇರ್ಪಡಿಸುವುದೇ ಲೇಸು” ಎಂದೆ. ಆ ತಾಯಿ ಮೆಲ್ಲಗೆ, “ಸ್ವಾಮಿ, ಜಗಳ ಬಿಡಿಸಿ ಅಂತ ನಿಮ್ಮನ್ನ ಕರೆದೆ, ಮಕ್ಕಳನ್ನ ಬೇರೆ ಮಾಡಿ ಅಂತಲ್ಲ” ಎಂದರು. ನಾನು ತಲೆತಗ್ಗಿಸಿದೆ. ಆಕೆಯ ಮಾತಿನ ವ್ಯಾಕರಣವನ್ನು ನೋಡಿ: ಬಿಡಿಸಬೇಕಾದದ್ದು ಜಗಳವನ್ನು, ಜಗಳವಾಡುವವರನ್ನಲ್ಲ.

ಶುಭಸಂದೇಶದ ಗ್ರೀಕ್ ಮೂಲದಲ್ಲಿಯೂ ಇಂಥದೇ ಭೇದವುಂಟು. ದಂಪತಿಗಳನ್ನು ಅಗಲಿಸಬಾರದೆನ್ನುವಲ್ಲಿ (ಮತ್ತಾಯ 19:6) ‘ಖೋರಿಜೋ’ ಎಂಬ ಕ್ರಿಯಾಪದವಿದೆ. ಲಾಜರನ ಕಟ್ಟುಗಳನ್ನು ಬಿಚ್ಚಲು ಹೇಳುವಲ್ಲಿ (ಯೊವಾನ್ನ 11:44) ‘ಲೂಓ’ ಇದೆ. ಮೊದಲನೆಯದನ್ನು ಬೇಡವೆಂದ ಪ್ರಭುವೇ ಎರಡನೆಯದನ್ನು ಸುತ್ತ ನಿಂತವರ ಕೈಗೆ ಒಪ್ಪಿಸಿದರು.

ಆ ಮನೆಯ ಜಮೀನು ಕೊನೆಗೂ ಪಾಲಾಯಿತು; ಬಾವಿ ಮಾತ್ರ ಇಬ್ಬರಿಗೂ ಸೇರಿಯೇ ಉಳಿಯಿತು. ಈಗ ನೀರಿನ ಸರದಿಗಾಗಿಯಾದರೂ ಅಣ್ಣತಮ್ಮಂದಿರು ಮಾತನಾಡುತ್ತಾರೆ. ನಿಮ್ಮ ಮನೆಯಲ್ಲೂ ಮನಸ್ಸುಗಳು ಸಿಕ್ಕಾದಾಗ, ಯಾರನ್ನು ಬೇರ್ಪಡಿಸಲಿ ಎನ್ನುವ ಮುನ್ನ, ಏನನ್ನು ಬಿಡಿಸಬೇಕು ಎಂದು ಕೇಳಿಕೊಳ್ಳಿ.