ಹಿಂಗಾರಿನ ಬೆಳೆಗೆ ಐದು ವರ್ಷದ ಬೆಲೆ

ತಡವಾಗಿ ಅರಳಿದ ಬೇಸ್‌ಬಾಲ್ ಆಟಗಾರನ ಒಪ್ಪಂದವನ್ನು ಸವಿಯುವುದು ಹೇಗೆ: ರಸಿಕರಿಗೊಂದು ಕೈಪಿಡಿ

ಸಂಗೀತ ಕಛೇರಿಗೆ ಮೊದಲ ಸಲ ಹೋದವರು ಆಲಾಪನೆ ನಡೆಯುವಾಗ ಪಕ್ಕದವರನ್ನು ಮೆಲ್ಲಗೆ ಕೇಳುವುದುಂಟು: ‘ಹಾಡು ಯಾವಾಗ ಶುರು?’ ಬೇಸ್‌ಬಾಲ್‌ನ ಚಳಿಗಾಲವೂ ಹೊಸಬರಿಗೆ ಹಾಗೆಯೇ ಕಾಣುತ್ತದೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಮೈದಾನದಲ್ಲಿ ಒಂದು ಚೆಂಡೂ ಹಾರುವುದಿಲ್ಲ, ಪತ್ರಿಕೆಗಳ ತುಂಬ ಒಪ್ಪಂದದ ಸುದ್ದಿ. ಇಂಥವನಿಗೆ ಐದು ವರ್ಷ, ಇಷ್ಟು ಕೋಟಿ ಡಾಲರ್. ಟೊರಾಂಟೊಗೋ ಡಲ್ಲಾಸ್‌ಗೋ ಕೆಲಸಕ್ಕೆ ಹೋದ ನಮ್ಮವರು ಆಫೀಸಿನಲ್ಲಿ ಊಟದ ಹೊತ್ತಿಗೆ ಈ ಮಾತು ಕೇಳಿ, ‘ದುಡ್ಡಿನ ಸುದ್ದಿಯಲ್ಲಿ ಇವರಿಗೇನು ಇಷ್ಟು ಸಂಭ್ರಮ?’ ಅಂದುಕೊಳ್ಳುತ್ತಾರೆ.

ಸಂಭ್ರಮಕ್ಕೆ ಕಾರಣವಿದೆ. ಅದರಲ್ಲೂ ಒಂದು ಬಗೆಯ ಒಪ್ಪಂದಕ್ಕೆ ತನ್ನದೇ ರಸವಿದೆ. ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಊರೂರು ಅಲೆದ ಆಟಗಾರ, ಮೂವತ್ತರ ಹೊಸ್ತಿಲಲ್ಲಿ ಒಂದೇ ಋತುವಿನಲ್ಲಿ ಎಲ್ಲರನ್ನೂ ಬೆರಗುಗೊಳಿಸುತ್ತಾನೆ. ಆ ಒಂದು ಋತುವನ್ನು ನೋಡಿ ತಂಡ ನಾಲ್ಕೈದು ವರ್ಷದ ಕರಾರು ಬರೆಯುತ್ತದೆ. ಇದನ್ನು ಓದಲು ಕಲಿತವರಿಗೆ ಚಳಿಗಾಲ ಬೇಸರವಾಗುವುದಿಲ್ಲ.

ಮೊತ್ತಕ್ಕಿಂತ ಮುಂಚೆ ಪೂರ್ವಕಥೆ

ಮಾದರಿಗೆ ಹೋಸೆ ಬೌಟಿಸ್ಟಾನನ್ನು ತೆಗೆದುಕೊಳ್ಳೋಣ. ಈ ಪ್ರಕಾರದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಹುಟ್ಟಿದ್ದು 1980ರಲ್ಲಿ, ಡೊಮಿನಿಕನ್ ಗಣರಾಜ್ಯದ ಸ್ಯಾಂಟೊ ಡೊಮಿಂಗೊದಲ್ಲಿ. 2000ದ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸಬರನ್ನು ಸುತ್ತು ಸುತ್ತಾಗಿ ಆರಿಸಿಕೊಳ್ಳುವ ಸರದಿಯಲ್ಲಿ, ಪಿಟ್ಸ್‌ಬರ್ಗ್ ಪೈರೇಟ್ಸ್ ಅವನನ್ನು ಆರಿಸಿಕೊಂಡದ್ದು 20ನೆಯ ಸುತ್ತಿನಲ್ಲಿ. 2004ರ ಒಂದೇ ಋತುವಿನಲ್ಲಿ ಬಾಲ್ಟಿಮೋರ್, ಟ್ಯಾಂಪಾ ಬೇ, ಕ್ಯಾನ್ಸಸ್ ಸಿಟಿ, ನ್ಯೂಯಾರ್ಕ್ ಮೆಟ್ಸ್, ಮತ್ತೆ ಪಿಟ್ಸ್‌ಬರ್ಗ್ ಎಂದು ಐದು ತಂಡಗಳ ಪಟ್ಟಿಯಲ್ಲಿ ಅವನ ಹೆಸರು ಬಂತು. ಮೆಟ್ಸ್ ಕೊಂಡ ದಿನವೇ ಮಾರಿಬಿಟ್ಟಿತು, ಆ ಅಂಗಿ ತೊಟ್ಟು ಒಂದು ಪಂದ್ಯವನ್ನೂ ಆಡಲಿಲ್ಲ. 2008ರ ಆಗಸ್ಟ್‌ನಲ್ಲಿ ಟೊರಾಂಟೊ ಬ್ಲೂ ಜೇಸ್ ಅವನನ್ನು ಪಡೆದಾಗ, ಬದಲಿಗೆ ಯಾರನ್ನು ಕೊಡುವುದು ಎಂಬುದನ್ನು ಆಮೇಲೆ ಹೇಳುತ್ತೇವೆ ಎಂಬ ಷರತ್ತಿನ ಮೇಲೆ ವ್ಯವಹಾರ ಮುಗಿಯಿತು. ಅಂದಿಗೆ ಅವನ ಬೆಲೆ ಅಷ್ಟೇ.

2009ರ ಕೊನೆಗೆ ಅವನ ಖಾತೆಯಲ್ಲಿದ್ದ ಒಟ್ಟು ಹೋಮ್ ರನ್ 59. ಒಂದು ಋತುವಿನಲ್ಲಿ 16 ದಾಟಿದ್ದೇ ಇಲ್ಲ. 2010ರಲ್ಲಿ ಹೊಡೆದದ್ದು 54! ಎರಡನೆಯ ಸ್ಥಾನದಲ್ಲಿದ್ದ ಮಹಾನ್ ಆಟಗಾರ ಆಲ್ಬರ್ಟ್ ಪೂಹೋಲ್ಸ್ 42ಕ್ಕೆ ನಿಂತಿದ್ದ. ಹೋಮ್ ರನ್ ಅಂದರೆ ನಮ್ಮ ಸಿಕ್ಸರ್‌ನ ದೊಡ್ಡಣ್ಣ. 161 ಪಂದ್ಯಗಳಲ್ಲಿ 54 ಅಂದರೆ, ಮೂರು ಪಂದ್ಯಕ್ಕೊಂದರಂತೆ ಆರು ತಿಂಗಳು ಬಿಡದೆ ಸುರಿದ ಮಳೆ.

ಹೊಸ ರಸಿಕರಿಗೆ ಮೊದಲ ಅಭ್ಯಾಸ ಇದೇ: ಒಪ್ಪಂದದ ಸುದ್ದಿ ಬಂದ ತಕ್ಷಣ ಮೊತ್ತ ನೋಡಬೇಡಿ, ಆ ಆಟಗಾರ ಕೈಬದಲಾದ ಪಟ್ಟಿ ನೋಡಿ. ಮಾರಿದವರು ಯಾರು, ಬಿಟ್ಟವರು ಯಾರು, ಪುಕ್ಕಟೆಗೆ ಪಡೆದವರು ಯಾರು? ಆ ಪಟ್ಟಿ ಉದ್ದವಾದಷ್ಟೂ ಮುಂದಿನ ಮೊತ್ತಕ್ಕೆ ರುಚಿ ಹೆಚ್ಚು.

ತೇವ ಎಲ್ಲಿತ್ತು?

ವಿಜಯಪುರದ ಕಡೆಯ ಎರೆಹೊಲದಲ್ಲಿ ಹಿಂಗಾರಿ ಜೋಳ ಬೆಳೆಯುವುದನ್ನು ಕಂಡವರಿಗೆ ಈ ಪ್ರಶ್ನೆಯನ್ನು ವಿವರಿಸಬೇಕಿಲ್ಲ. ಮಳೆ ನಿಂತ ಮೇಲೂ ತೆನೆ ತುಂಬುವುದು ಕರಿಮಣ್ಣು ಒಳಗೆ ಹಿಡಿದಿಟ್ಟ ತೇವದಿಂದ. ತಡವಾಗಿ ಬಂದ ಬೆಳೆಯನ್ನು ಕಂಡಾಗ ಕೇಳಬೇಕಾದದ್ದೂ ಇದನ್ನೇ: ಇದು ನೆಲದೊಳಗಿನ ತೇವವೋ, ದಾರಿ ತಪ್ಪಿ ಬಂದ ಒಂದು ಮೋಡವೋ?

ಬೌಟಿಸ್ಟಾನ ವಿಷಯದಲ್ಲಿ ಉತ್ತರ ಸಿಗುತ್ತದೆ. ಅವನು ಬ್ಯಾಟ್ ಬೀಸಲು ತಡವಾಗಿ ಹೊರಡುತ್ತಿದ್ದ. ಟೊರಾಂಟೊದ ಮ್ಯಾನೇಜರ್ ಸಿಟೊ ಗ್ಯಾಸ್ಟನ್ ಮತ್ತು ತರಬೇತುದಾರ ಡ್ವೇನ್ ಮರ್ಫಿ ಅವನಿಗೆ ಹೇಳಿಕೊಟ್ಟದ್ದು ಒಂದೇ ಮಾತು: ಬೇಗ ಹೊರಡು. ಎಡಗಾಲನ್ನು ಮೊದಲೇ ಎತ್ತಿ, ಪಿಚರ್‌ನ ಕೈಯಿಂದ ಚೆಂಡು ಬಿಡುವ ಹೊತ್ತಿಗೆ ಸಿದ್ಧನಾಗಿ ನಿಲ್ಲುವ ಅಭ್ಯಾಸ ಹತ್ತಿತು. 2009ರ ಕೊನೆಯ ವಾರಗಳಲ್ಲಿ ಹತ್ತು ಹೋಮ್ ರನ್ ಬಂದವು. ಮೋಡ ಕಟ್ಟಿದ್ದನ್ನು ಗಮನಿಸಿದವರು ಕಡಿಮೆ. ಮರುವರ್ಷದ 54ರಲ್ಲಿ ಬಹುಪಾಲು ಎಡಗಡೆಯ ಗೋಡೆಯನ್ನೇ ದಾಟಿದವು, ಬೇಗ ಹೊರಟ ಬ್ಯಾಟಿನ ಗುರುತು ಅದು.

ಜಸ್ಟಿನ್ ಟರ್ನರ್‌ನ ಕಥೆಯೂ ಹೀಗೆಯೇ. 2013ರ ಡಿಸೆಂಬರ್‌ನಲ್ಲಿ ಮೆಟ್ಸ್ ಅವನಿಗೆ ಮರುವರ್ಷದ ಕರಾರು ಕೊಡದೆ ಕೈಬಿಟ್ಟಿತು. ಸಹ ಆಟಗಾರ ಮಾರ್ಲನ್ ಬರ್ಡ್‌ನಿಂದ ಬ್ಯಾಟ್ ಬೀಸುವ ಹೊಸ ಪಾಠ ಕಲಿತು, ಮೈನರ್ ಲೀಗ್ ಕರಾರಿನ ಮೇಲೆ ಲಾಸ್ ಏಂಜಲೀಸ್ ಡಾಡ್ಜರ್ಸ್ ಸೇರಿದ. ಮೂರು ವರ್ಷ ಕಳೆದ ಮೇಲೆ, 32ರ ವಯಸ್ಸಿನಲ್ಲಿ, ಅದೇ ಡಾಡ್ಜರ್ಸ್ ಕೊಟ್ಟದ್ದು ನಾಲ್ಕು ವರ್ಷಕ್ಕೆ 6.4 ಕೋಟಿ ಡಾಲರ್. ಮ್ಯಾಕ್ಸ್ ಮನ್ಸಿಯನ್ನು ಓಕ್ಲಂಡ್ 2017ರಲ್ಲಿ ಬಿಟ್ಟಾಗ ಅವನು ಊರಿಗೆ ಮರಳಿ ತನ್ನ ಅಪ್ಪ ಎಸೆದ ಚೆಂಡುಗಳಿಗೆ ಬ್ಯಾಟ್ ಬೀಸುತ್ತ ತನ್ನ ಆಟವನ್ನು ತಿದ್ದಿಕೊಂಡ. 2018ರಲ್ಲಿ ಅವನ ಹೋಮ್ ರನ್ 35.

ಅದೃಷ್ಟ ಖುಲಾಯಿಸಿತು ಎಂಬ ಉತ್ತರ ಬಂದರೆ ಅನುಮಾನಿಸಿ. ಕಾಲು, ಕೈ, ಕಣ್ಣು, ಇಂತಲ್ಲಿ ಇಂಥದ್ದು ಬದಲಾಯಿತು ಎಂಬ ಉತ್ತರ ಬಂದರೆ ಕಿವಿ ನೆಟ್ಟಗೆ ಮಾಡಿ.

ಒಂದಗುಳು ಸಾಲದು

ಅನ್ನ ಬೆಂದಿದೆಯೇ ನೋಡಲು ಒಂದಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಐಪಿಎಲ್‌ನಲ್ಲಿ ಹದಿನಾಲ್ಕು ಲೀಗ್ ಪಂದ್ಯ ನೋಡಿ ಮುಂದಿನ ಹರಾಜಿನ ಬೆಲೆ ಏರುವುದನ್ನು ಕಂಡ ನಮಗೆ, 162 ಪಂದ್ಯಗಳ ಋತು ಇಡೀ ಹಂಡೆಯಂತೆ ಕಾಣಬಹುದು. ಆದರೂ ಬೇಸ್‌ಬಾಲ್‌ನಲ್ಲಿ ಒಂದು ಋತು ಒಂದಗುಳಷ್ಟೇ. ಯಾವ ಅಗುಳು ಎಂಬುದೇ ಮುಖ್ಯ.

ಬ್ಯಾಟಿಂಗ್ ಸರಾಸರಿಯನ್ನು, ಅಂದರೆ ಬ್ಯಾಟ್ ಹಿಡಿದ ಸರದಿಗಳಲ್ಲಿ ಎಷ್ಟು ಪಾಲು ಹಿಟ್ ಆಯಿತು ಎಂಬ ಲೆಕ್ಕವನ್ನು, ಎಚ್ಚರದಿಂದ ನೋಡಿ. ಹೊಡೆದ ಚೆಂಡು ಫೀಲ್ಡರ್‌ಗಳ ನಡುವೆ ಬಿತ್ತೇ, ಕೈಗೇ ಹೋಯಿತೇ ಎಂಬುದರಲ್ಲಿ ಅದೃಷ್ಟದ ಪಾಲು ದೊಡ್ಡದು. ಗೋಡೆ ದಾಟಿದ ಚೆಂಡಿಗೆ ಫೀಲ್ಡರ್‌ನ ಹಂಗಿಲ್ಲ. ‘ವಾಕ್’ ಕೂಡ ಹಾಗೆಯೇ. ಪಿಚರ್ ನಾಲ್ಕು ಚೆಂಡುಗಳನ್ನು ವಲಯದ ಹೊರಗೆ ಎಸೆದಾಗ ಬ್ಯಾಟ್ ಎತ್ತದೆ ಬಿಟ್ಟವನಿಗೆ ಮೊದಲ ಬೇಸ್ ಸಿಗುತ್ತದೆ. ಅದು ಕಣ್ಣಿನ ಮತ್ತು ಸಂಯಮದ ಲೆಕ್ಕ. 2010ರಲ್ಲಿ ಬೌಟಿಸ್ಟಾನ ಸರಾಸರಿ ಬರೀ .260. ವಾಕ್ 100. ಸರಾಸರಿ ನೋಡಿದವರಿಗೆ ಸಾಧಾರಣ, ವಾಕ್ ನೋಡಿದವರಿಗೆ ಅಸಾಧಾರಣ.

ಪಕ್ಕದಲ್ಲಿ ಗ್ಯಾರಿ ಮ್ಯಾಥ್ಯೂಸ್ ಜೂನಿಯರ್‌ನ 2006 ಇಡಿ. ಟೆಕ್ಸಸ್ ರೇಂಜರ್ಸ್ ಪರ .313 ಸರಾಸರಿ, 19 ಹೋಮ್ ರನ್, ಗೋಡೆ ಹತ್ತಿ ಹಿಡಿದ ಒಂದು ಅಮೋಘ ಕ್ಯಾಚ್. ಆ ವರ್ಷ ಅವನಿಗೆ 32 ತುಂಬಿತು. ಏಂಜಲ್ಸ್ ತಂಡ ಐದು ವರ್ಷಕ್ಕೆ 5 ಕೋಟಿ ಡಾಲರ್ ಕೊಟ್ಟಿತು. ಮರುವರ್ಷ ಸರಾಸರಿ .252, ಅದರ ಮರುವರ್ಷ .242. ನಾಲ್ಕನೆಯ ವರ್ಷಕ್ಕೆ ಅವನನ್ನು ಮೆಟ್ಸ್‌ಗೆ ಕಳಿಸಿದಾಗ ಉಳಿದ ಸಂಬಳದ ಬಹುಭಾಗವನ್ನು ಏಂಜಲ್ಸ್ ತಂಡವೇ ಹೊತ್ತುಕೊಳ್ಳಬೇಕಾಯಿತು. ಒಳಗೆ ತೇವವಿರಲಿಲ್ಲ, ಮೋಡ ಚೆನ್ನಾಗಿತ್ತು.

ಗಡಿಯಾರ ಮತ್ತು ಕಾನೂನು

ಇಲ್ಲಿ ಕರುಣರಸ ಶುರುವಾಗುತ್ತದೆ. 1975ರ ಡಿಸೆಂಬರ್‌ನಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಜ್ ತೀರ್ಪು ಕೊಡುವವರೆಗೆ ಬೇಸ್‌ಬಾಲ್ ಆಟಗಾರ ಒಂದು ತಂಡಕ್ಕೆ ಕಟ್ಟಿಹಾಕಿದ ಆಸ್ತಿಯಂತಿದ್ದ. ಆಮೇಲೆ ಬಂದ ಏರ್ಪಾಡಿನಲ್ಲಿ ಮೇಜರ್ ಲೀಗ್‌ನಲ್ಲಿ ಆರು ವರ್ಷ ಸೇವೆ ಮುಗಿಸಿದವನು ಫ್ರೀ ಏಜೆಂಟ್, ಇಷ್ಟಬಂದ ತಂಡದೊಡನೆ ಮಾತಾಡಬಹುದು. ಮೊದಲ ಮೂರು ವರ್ಷ ಸಾಮಾನ್ಯವಾಗಿ ಕನಿಷ್ಠ ಸಂಬಳದ ಆಸುಪಾಸು. 2010ರಲ್ಲಿ ಅದು 4 ಲಕ್ಷ ಡಾಲರ್. ನಡುವಿನ ಮೂರು ವರ್ಷ ಆರ್ಬಿಟ್ರೇಷನ್. ತಂಡ ಒಂದು ಅಂಕಿ ಹೇಳುತ್ತದೆ, ಆಟಗಾರ ಒಂದು ಅಂಕಿ ಹೇಳುತ್ತಾನೆ. ಮಧ್ಯಸ್ಥರು ಎರಡರಲ್ಲಿ ಒಂದನ್ನು ಎತ್ತಿ ಹಿಡಿಯಬೇಕು, ನಡುವಿನ ಅಂಕಿಗೆ ಅವಕಾಶವಿಲ್ಲ.

22ಕ್ಕೆ ಮಿಂಚಿದವನು 28ರಲ್ಲಿ ಸ್ವತಂತ್ರ. ತಡವಾಗಿ ಅರಳಿದವನು ಸಂತೆಗೆ ಬರುವ ಹೊತ್ತಿಗೆ ಮೈಯ ಕಸುವು ಇಳಿಯುವ ವಯಸ್ಸು ಹತ್ತಿರ ಬಂದಿರುತ್ತದೆ. ಇವನಿಗೆ ಇಂಥ ಒಪ್ಪಂದ ಸಿಗುವುದು ಬಹುಶಃ ಜೀವಮಾನದಲ್ಲಿ ಒಮ್ಮೆ. ಆಟಗಾರ ಹಿಂದಿನ ವರ್ಷಗಳ ಕೂಲಿ ಕೇಳುತ್ತಾನೆ, ತಂಡ ಮುಂದಿನ ವರ್ಷಗಳ ಬೆಳೆಗೆ ಬೆಲೆ ಕಟ್ಟುತ್ತದೆ. ಪತ್ರಿಕೆಗಳು ಇದನ್ನು ‘ಬಹುಮಾನ’ ಎಂದು ಕರೆಯುತ್ತವೆ. ಆ ಪದವನ್ನು ಒಪ್ಪಬೇಡಿ. ಬಹುಮಾನ ಮುಗಿದ ಕೆಲಸಕ್ಕೆ. ಒಪ್ಪಂದ ಇನ್ನೂ ನಡೆಯದ ಕೆಲಸಕ್ಕೆ. ಒಂದು ಸಹಿ ಈ ಎರಡೂ ಲೆಕ್ಕಗಳನ್ನು ಹೊರಬೇಕಾಗಿರುವುದೇ ಈ ಪ್ರಕಾರದ ಜೀವಾಳ.

ಒಪ್ಪಂದದ ವ್ಯಾಕರಣ

ಈಗ ಮೊತ್ತ ನೋಡಬಹುದು. 2010ರಲ್ಲಿ ಬೌಟಿಸ್ಟಾನ ಸಂಬಳ 24 ಲಕ್ಷ ಡಾಲರ್. ಫ್ರೀ ಏಜೆಂಟ್ ಆಗಲು ಇನ್ನೊಂದು ವರ್ಷ ಬಾಕಿ. 2011ಕ್ಕೆ ಅವನು ಕೇಳಿದ್ದು 1.05 ಕೋಟಿ, ತಂಡ ಹೇಳಿದ್ದು 76 ಲಕ್ಷ. ವಿಚಾರಣೆ ನಡೆಯಬೇಕಿದ್ದ ವಾರದಲ್ಲೇ, ಫೆಬ್ರವರಿಯಲ್ಲಿ, ಜನರಲ್ ಮ್ಯಾನೇಜರ್ ಆಲೆಕ್ಸ್ ಆಂಥೊಪೌಲೋಸ್ ಐದು ವರ್ಷಕ್ಕೆ 6.5 ಕೋಟಿಯ ಒಪ್ಪಂದಕ್ಕೆ ಸಹಿ ಹಾಕಿಸಿದರು.

ಬಿಡಿಸಿ ಓದಿ: ಮೊದಲ ವರ್ಷ 80 ಲಕ್ಷ. ಮುಂದಿನ ನಾಲ್ಕು ವರ್ಷ ತಲಾ 1.4 ಕೋಟಿ. ಆರನೆಯ ವರ್ಷ, ತಂಡ ಬಯಸಿದರೆ ಮತ್ತೆ 1.4 ಕೋಟಿ, ಬೇಡವೆಂದರೆ 10 ಲಕ್ಷ ಕೊಟ್ಟು ಕೈತೊಳೆದುಕೊಳ್ಳಬಹುದು. ಕೂಡಿಸಿ ನೋಡಿ, ಲೆಕ್ಕ ಸರಿಯಾಗಿ 6.5 ಕೋಟಿಗೆ ಬರುತ್ತದೆ.

ಮೊದಲ ವರ್ಷದ 80 ಲಕ್ಷ ತಂಡ ಹೇಳಿದ 76ರ ಪಕ್ಕದಲ್ಲೇ ಕೂತಿದೆ. ಆ ವರ್ಷ ಆಟಗಾರ ಬಗ್ಗಿದ್ದಾನೆ. ಉಳಿದ ನಾಲ್ಕು ವರ್ಷ ಬಗ್ಗಿದ್ದು ತಂಡ. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಇಂಥ ಮೊತ್ತ ಖಾತ್ರಿ. ಆಡಿದರೂ ಕೊಡಬೇಕು, ಗಾಯಗೊಂಡು ಕೂತರೂ ಕೊಡಬೇಕು, ಆಟ ಕೆಟ್ಟಿತೆಂದು ತೆಗೆದುಹಾಕಿದರೂ ಕೊಡಬೇಕು. ಆದ್ದರಿಂದ ಕೋಟಿಗಳಿಗಿಂತ ವರ್ಷಗಳನ್ನು ಎಣಿಸಿ. ಕೋಟಿ ಹೇಳುವುದು ತಂಡದ ಹಣದ ಚೀಲದ ಗಾತ್ರ. ವರ್ಷ ಹೇಳುವುದು ಅದರ ನಂಬಿಕೆ. ಕೊನೆಯ ಆಪ್ಷನ್ ಹೇಳುವುದು ಆ ನಂಬಿಕೆಯೊಳಗಿನ ಅನುಮಾನ.

ಸಹಿಯ ನಂತರದ ಆಟ

ಸಹಿಯಾದ ದಿನ ಕೈಪಿಡಿ ಮುಚ್ಚಬೇಡಿ. 2011ರಲ್ಲಿ ಬೌಟಿಸ್ಟಾ .302 ಸರಾಸರಿಯಲ್ಲಿ 43 ಹೋಮ್ ರನ್ ಹೊಡೆದ, 132 ವಾಕ್ ಗಳಿಸಿದ. ತೇವ ಇತ್ತೆಂದು ಊರೆಲ್ಲ ಒಪ್ಪಿತು. 2012ರಲ್ಲಿ ಮಣಿಕಟ್ಟು ಕೈಕೊಟ್ಟು 92 ಪಂದ್ಯಕ್ಕೇ ಋತು ಮುಗಿಯಿತು. 2015, ಕರಾರಿನ ಐದನೆಯ ವರ್ಷ. ಅವನಿಗೆ 34 ದಾಟಿತ್ತು, ಹೋಮ್ ರನ್ 40. 1993ರ ನಂತರ ಟೊರಾಂಟೊ ಮೊದಲ ಸಲ ಪ್ಲೇಆಫ್ ಕಂಡಿತು. ಅಕ್ಟೋಬರ್ 14ರಂದು, ಟೆಕ್ಸಸ್ ವಿರುದ್ಧದ ಐದನೆಯ ನಿರ್ಣಾಯಕ ಪಂದ್ಯದ ಏಳನೆಯ ಇನಿಂಗ್ಸ್‌ನಲ್ಲಿ, 3-3 ಸಮ ಇದ್ದಾಗ ಅವನು ಮೂರು ರನ್ ತಂದ ಹೋಮ್ ರನ್ ಹೊಡೆದು ಬ್ಯಾಟನ್ನು ಗಾಳಿಗೆ ಎಸೆದ. ಆ ದೃಶ್ಯವನ್ನು ಕೆನಡಾದಲ್ಲಿ ಇವತ್ತಿಗೂ ಜನ ನೆನೆಯುತ್ತಾರೆ.

ತಂಡ ಆರನೆಯ ವರ್ಷದ ಆಪ್ಷನ್ನನ್ನೂ ಉಳಿಸಿಕೊಂಡಿತು. ಆ ವರ್ಷ ಹೋಮ್ ರನ್ 22. ಹೊಸ ಕರಾರಿನ ಮೇಲೆ 2017ರಲ್ಲಿ ಆಡಿದಾಗ ಸರಾಸರಿ .203ಕ್ಕೆ ಕುಸಿಯಿತು. 2018ರಲ್ಲಿ ಮತ್ತೆ ಒಂದೇ ಋತುವಿನಲ್ಲಿ ಮೂರು ತಂಡ. ಹೊರಟಲ್ಲಿಗೇ ಬಂದು ನಿಂತಿತು ಬಂಡಿ. ಆದರೆ ಆ ನಡುವೆ ಟೊರಾಂಟೊಗೆ ಅವನು ಕೊಟ್ಟದ್ದು 288 ಹೋಮ್ ರನ್. 2023ರ ಆಗಸ್ಟ್‌ನಲ್ಲಿ ಅವನ ಹೆಸರು ಟೊರಾಂಟೊ ಮೈದಾನದ ಗೌರವದ ಸಾಲಿಗೆ ಸೇರಿತು.

ಮನೆಗೆಲಸ

ಓದಿ ಕಲಿತದ್ದು ಅರ್ಧ, ಹಿಂಬಾಲಿಸಿ ಕಲಿತದ್ದು ಅರ್ಧ. ಬ್ರೆಂಟ್ ರೂಕರ್ ಎಂಬ ಹೆಸರು ಬರೆದಿಟ್ಟುಕೊಳ್ಳಿ. 2022ರಲ್ಲಿ ಮಿನೆಸೋಟ ಅವನನ್ನು ಸ್ಯಾನ್ ಡಿಯಾಗೋಗೆ ಕೊಟ್ಟಿತು, ಸ್ಯಾನ್ ಡಿಯಾಗೋ ಕ್ಯಾನ್ಸಸ್ ಸಿಟಿಗೆ ಕೊಟ್ಟಿತು, ಕ್ಯಾನ್ಸಸ್ ಸಿಟಿ ಬಿಟ್ಟೇಬಿಟ್ಟಿತು. ಅಥ್ಲೆಟಿಕ್ಸ್ ಎತ್ತಿಕೊಂಡಾಗ ಅವನಿಗೆ 28. ಮರುವರ್ಷ 30 ಹೋಮ್ ರನ್, 2024ರಲ್ಲಿ 39. 2025ರ ಜನವರಿಯಲ್ಲಿ ಐದು ವರ್ಷಕ್ಕೆ 6 ಕೋಟಿ ಡಾಲರ್.

ಪೂರ್ವಕಥೆ ನಿಮ್ಮ ಮುಂದಿದೆ. ಬದಲಾದದ್ದೇನು ಎಂದು ಹುಡುಕಿ, ವಾಕ್‌ಗಳನ್ನು ಎಣಿಸಿ, ವಯಸ್ಸನ್ನು ಗುರುತು ಹಾಕಿಕೊಳ್ಳಿ. ತೀರ್ಪು ಕೊಡಲು ಅವಸರ ಬೇಡ. ಆ ಕರಾರು 2029ರವರೆಗೆ ಇದೆ.